ತಿಪ್ಪೆಯ ಮುಂದೆ ಆಡಬೇಕಾದ ಮಾತು

ನಿವೃತ್ತರಾದ ಗಂಡಸರಿಗೆ ಸಾಮಾನ್ಯವಾಗಿ ಒಂದು ಮೊಣಕಾಲು ನೋವು, ಒಂದು ಸಿದ್ಧಾಂತ ಇರುತ್ತವೆ. ನನಗೆ ಎರಡೂ ಇದ್ದವು. ಮೊಣಕಾಲಿಗೆ ಮುಲಾಮು ಬೇಗ ಸಿಕ್ಕಿತು. ಸಿದ್ಧಾಂತಕ್ಕೆ ಔಷಧ ಸಿಗುವುದರೊಳಗೆ ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಜೊತೆ ವಾಕಿಂಗ್ ಮಾಡುವವರು ಬಹಳ ಕಷ್ಟಪಟ್ಟರು.

ಸಿದ್ಧಾಂತ ಇಷ್ಟೇ. ನಿಸರ್ಗ ತಾನೇ ಆರಿಸುತ್ತದೆ. ಗಟ್ಟಿಯಿದ್ದದ್ದನ್ನು ಉಳಿಸುತ್ತದೆ, ಸೊರಗಿದ್ದನ್ನು ತೆಗೆದುಹಾಕುತ್ತದೆ. ಜಿಂಕೆಯಿಂದ ಜಿರಲೆಯವರೆಗೆ ಎಲ್ಲವೂ ಹೀಗೇ ನಡೆದು ಬಂದಿವೆ. ಮನುಷ್ಯನೊಬ್ಬ ಮಾತ್ರ ನಡುವೆ ಕರುಣೆ ಅಂತ ಒಂದು ಹುಟ್ಟುಹಾಕಿ, ಉಳಿಯಬಾರದ್ದನ್ನೆಲ್ಲ ಉಳಿಸಿ, ತನ್ನ ಕುಲವನ್ನೇ ಸಪ್ಪಗೆ ಮಾಡಿಕೊಂಡ. ಇಲ್ಲದಿದ್ದರೆ ಇಷ್ಟು ಜನರಿಗೆ ಚಷ್ಮಾ ಯಾಕೆ, ಸಕ್ಕರೆ ಕಾಯಿಲೆ ಯಾಕೆ? ಇದನ್ನು ನಾನು ಚಷ್ಮಾ ಒರೆಸಿಕೊಳ್ಳುತ್ತ, ಎದೆಯೊಳಗೆ ಡಾಕ್ಟರು ಕೂರಿಸಿದ ಸ್ಟೆಂಟಿನ ಮೇಲೆ ಕೈಯಿಟ್ಟುಕೊಂಡು, ಬಿಪಿ ಮಾತ್ರೆಯ ಹೊತ್ತಾಯಿತೇ ಎಂದು ಗಡಿಯಾರ ನೋಡುತ್ತ ಹೇಳುತ್ತಿದ್ದೆ. ಇದರಲ್ಲಿ ನಗುವಂಥದ್ದು ಏನಿದೆ ಅಂತ ನನಗೆ ಹೊಳೆದಿರಲಿಲ್ಲ. ಕೇಳುವವರಿಗೆ ಮೊದಲ ದಿನವೇ ಹೊಳೆದಿತ್ತು.

ಸಿದ್ಧಾಂತ ಪುಸ್ತಕ ಓದಿ ಬಂದದ್ದಲ್ಲ, ನೌಕರಿಯಿಂದ ಅಂಟಿಕೊಂಡದ್ದು. ಬಾಲಾನಗರದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ನನ್ನ ಆಯುಷ್ಯದ ಮುಕ್ಕಾಲು ಪಾಲು ಕಳೆಯಿತು. ಬೇರೆಯವರು ಮಾಡಿದ ಬಿಡಿಭಾಗವನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ನನ್ನ ಕೆಲಸ. ಅದಕ್ಕೇ ಸಂಬಳ, ಅದಕ್ಕೇ ಬಡ್ತಿ. ಆ ಕಣ್ಣನ್ನು ಸಂಜೆ ಗೇಟಿನಲ್ಲಿ ಬಿಟ್ಟು ಬರಲು ಆಗುತ್ತಿರಲಿಲ್ಲ, ಮನೆಗೂ ತರುತ್ತಿದ್ದೆ. ಹೆಂಡತಿಯ ಜೋಳದ ರೊಟ್ಟಿಯ ಅಂಚು ಒಡೆದಿದ್ದರೆ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಮಗಳಿಗೆ ಬಂದ ಗಂಡುಗಳನ್ನು ಒಬ್ಬೊಬ್ಬರಾಗಿ ತೆಗೆದುಹಾಕಿದೆ. ಒಬ್ಬ ಕೂತಲ್ಲೇ ಕಾಲು ಕುಣಿಸುತ್ತಾನೆ, ಇನ್ನೊಬ್ಬ ಚಹಾ ಸೊರ್ರನೆ ಹೀರುತ್ತಾನೆ. ಈಗಿನ ಅಳಿಯನನ್ನು ನಾನು ಊರಿಗೆ ಹೋಗಿದ್ದಾಗ ತಾಯಿ ಮಗಳು ಸೇರಿ ಪಾಸು ಮಾಡಿಬಿಟ್ಟರು. ಅವನೂ ಚಹಾ ಸೊರ್ರನೆ ಹೀರುತ್ತಾನೆ.

ಟೋಲಿಚೌಕಿಯಿಂದ ವಾಕಿಂಗಿಗೆ ಬರುವ ನನ್ನ ಹಳೆಯ ಗೆಳೆಯನೊಬ್ಬನಿದ್ದಾನೆ. ಅದೇ ವಿಭಾಗದಲ್ಲಿ ನನ್ನ ಪಕ್ಕದ ಮೇಜಿನವನು, ಹಳೆ ಶಹರದ ದಖ್ಖನಿ ಮಾತಿನ ಮನುಷ್ಯ. ನನ್ನ ಸಿದ್ಧಾಂತವನ್ನು ಅವನು ಎಷ್ಟು ಸಲ ಕೇಳಿದ್ದಾನೋ. ಒಂದು ಬೆಳಿಗ್ಗೆ ಬೆಂಚಿನ ಮೇಲೆ ಕೂತು ಶೂ ಲೇಸು ಕಟ್ಟಿಕೊಳ್ಳುತ್ತ ಕೇಳಿದ, "ಹಮಾರೆ ಪಾಸ್ ಕಿತ್ತೆ ಟ್ರೇ ಥೇ, ಭಾಯ್?" ಎಷ್ಟು ಟ್ರೇ ಇದ್ದವು ಅಂತ. ಮೂರು, ಅಂದೆ. ಪಾಸಾದದ್ದಕ್ಕೆ ಒಂದು, ಗುಜರಿಗೆ ಒಂದು, ತಿದ್ದಿ ಮತ್ತೆ ತರಬಹುದಾದ ರೀವರ್ಕ್ ಮಾಲಿಗೆ ಒಂದು. "ತೋ ತುಮಾರೆ ಸಿದ್ಧಾಂತ್ ಮೆ ರೀವರ್ಕ್ ಕಾ ಟ್ರೇ ಕಿಧರ್ ಹೈ? ತುಮೀಚ್ ರೀವರ್ಕ್ ಕಾ ಮಾಲ್ ಹೈ ನಾ," ಅಂದು ನನ್ನ ಎದೆಯತ್ತ ಬೆರಳು ತೋರಿಸಿದ. ನಿನ್ನ ಸಿದ್ಧಾಂತದಲ್ಲಿ ರೀವರ್ಕಿನ ಟ್ರೇ ಎಲ್ಲಿದೆ, ಸ್ಟೆಂಟು, ಚಷ್ಮಾ, ಕಟ್ಟಿಸಿಕೊಂಡ ಹಲ್ಲು ಎಲ್ಲ ಸೇರಿ ನಾನೇ ತಿದ್ದುಪಡಿಯ ಮಾಲು ಎಂಬುದು ಅವನ ಮಾತಿನ ಅರ್ಥ. ನನಗೆ ಸಿಟ್ಟು ಬಂತು. ಉತ್ತರ ಹೊಳೆಯದಿದ್ದಾಗ ನನಗೆ ಯಾವಾಗಲೂ ಸಿಟ್ಟೇ ಬರುವುದು. ಆವತ್ತು ಅವನ ಜೊತೆ ಚಹಾ ಕುಡಿಯದೆ ಮನೆಗೆ ಬಂದೆ.

ಅವನಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇತ್ತು, ನಾನಾಗಿ ಹೇಳಿರಲಿಲ್ಲ. ನಮ್ಮದು ಯಾದಗಿರಿ ಕಡೆಯ ಹಳ್ಳಿ. ಅಲ್ಲಿ ಹುಟ್ಟಿದ ಕೂಸುಗಳು ನಿಲ್ಲದ ಮನೆಯಲ್ಲಿ ಮುಂದಿನ ಕೂಸಿಗೆ ಒಂದು ಉಪಾಯ ಮಾಡುತ್ತಿದ್ದರು. ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು, ಮನೆಯ ಯಜಮಾನ ನಾಲ್ಕು ಜನಕ್ಕೆ ಕೇಳುವಂತೆ 'ಇದು ನಮಗ ಬ್ಯಾಡ' ಅನ್ನಬೇಕು. ಆಗ ಬೇರೆ ಮನೆಯ ಹೆಂಗಸೊಬ್ಬಳು ಅದನ್ನು ಎತ್ತಿಕೊಳ್ಳುತ್ತಾಳೆ. ಮನೆಯವರು ಅವಳಿಗೆ ಒಂದು ಮೊರ ತೌಡು ಕೊಟ್ಟು, ಅದೇ ಕೂಸನ್ನು ಪರರ ಕೂಸಿನಂತೆ ಕೊಂಡು ಮನೆಗೆ ತರುತ್ತಾರೆ. ಬೇಡವೆಂದು ಎಸೆದದ್ದರ ಮೇಲೆ ಸಾವು ಕಣ್ಣು ಹಾಕುವುದಿಲ್ಲ ಎಂಬ ನಂಬಿಕೆ. ಗುರುತು ಉಳಿಯಲೆಂದು ಹೆಸರನ್ನೂ ತಿಪ್ಪೆಯಿಂದಲೇ ಇಡುತ್ತಾರೆ.

ನಾನು ಹಾಗೆ ತಿಪ್ಪೆ ಕಂಡು ಬಂದವನು. ನನಗಿಂತ ಮೊದಲು ಹುಟ್ಟಿದ ಇಬ್ಬರು ಉಳಿದಿರಲಿಲ್ಲ. ನಾನೂ ಹುಟ್ಟಿದಾಗ ಒಣಗಿದ ಹೀರೇಕಾಯಿಯಂತೆ ಇದ್ದೆನಂತೆ. ನೌಕರಿಗೆ ಸೇರಿದ ಮೇಲೆ ಆ ತಿಪ್ಪೆಯ ಹೆಸರನ್ನು ಇಂಗ್ಲಿಷಿನ ಎರಡಕ್ಷರದೊಳಗೆ ಮುಚ್ಚಿಟ್ಟೆ. ಅದನ್ನು ಇಲ್ಲಿಯೂ ಬರೆಯುವುದಿಲ್ಲ, ಇನ್ನೂ ಅಷ್ಟು ಉದಾರ ಬುದ್ಧಿ ಬಂದಿಲ್ಲ. ಅವ್ವ ಈ ಕಥೆಯನ್ನು ಹೇಳುವಾಗ ಕೊನೆಗೆ ಒಂದು ಮಾತು ಸೇರಿಸುತ್ತಿದ್ದಳು. "ನಿಮ್ಮಪ್ಪ ಬ್ಯಾಡ ಅನ್ನೂದೇನೋ ಅಂದ. ಆದ್ರ ಅಂದು ಮನಿಗೆ ಬಂದು, ಆ ದಿವ್ಸ ಒಂದು ತುತ್ತೂ ಉಣ್ಣಲಿಲ್ಲ." ನಮ್ಮಪ್ಪ ದೊಡ್ಡ ದನಿಯ, ಗಟ್ಟಿ ಮನಸ್ಸಿನ ಮನುಷ್ಯ. ಅಂಥವನು ಒಂದು ಸುಳ್ಳು ಶಾಸ್ತ್ರಕ್ಕೆ ಊಟ ಬಿಟ್ಟನಲ್ಲ ಅಂತ ನಾನು ಪ್ರತಿ ಸಲವೂ ನಗುತ್ತಿದ್ದೆ.

ಹೀಗೆ ನಕ್ಕುಕೊಂಡು, ಉಪದೇಶ ಮಾಡಿಕೊಂಡು ಇದ್ದವನ ಮನೆಯಲ್ಲಿ ಮಗಳಿಗೆ ಎಂಟನೇ ತಿಂಗಳಲ್ಲೇ ಹೆರಿಗೆಯಾಯಿತು. ಅದಕ್ಕೂ ಮೊದಲು ಒಂದು ಬಸಿರು ನಿಂತಿರಲಿಲ್ಲ. ಆ ದುಃಖದಿಂದ ಅವಳು ಆಗಷ್ಟೇ ಎದ್ದಿದ್ದಳು. ಹಿಮಾಯತ್‌ನಗರದ ಒಂದು ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು ಕೂಸು. ತೂಕ ಎರಡು ಕಿಲೋ ಕೂಡ ಇರಲಿಲ್ಲ. ನಮ್ಮ ತರಕಾರಿಯವನ ಗಾಡಿಯಲ್ಲಿ ಅದಕ್ಕಿಂತ ಭಾರದ ಸೋರೆಕಾಯಿ ಇರುತ್ತವೆ.

ಗಾಜಿನಾಚೆಯಿಂದ ಮೊದಲ ಸಲ ನೋಡಿದಾಗ ನನ್ನ ಕಣ್ಣು ನನ್ನನ್ನು ಕೇಳದೆಯೇ ತಪಾಸಣೆ ಶುರುಮಾಡಿತು. ಕಿವಿ ಮಡಚಿಕೊಂಡಿವೆ. ಚರ್ಮ ತೆಳು, ಒಳಗಿನ ನರ ಕಾಣುತ್ತವೆ. ಅಳುವಿನಲ್ಲಿ ಕಸುವಿಲ್ಲ. ಇನ್ನೂ ಏನೇನನ್ನು ಅಳೆಯುತ್ತಿತ್ತೋ, ಪಕ್ಕದಲ್ಲಿ ನಿಂತಿದ್ದ ಹೆಂಡತಿ "ಹಂಗ್ಯಾಕ ನೋಡಾಕತ್ತೀರಿ, ಸಂತ್ಯಾಗಿನ ಬದನಿಕಾಯಿ ಏನು ಅದು?" ಅಂದಳು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಚಷ್ಮಾ ತೆಗೆದು ಜೇಬಿಗೆ ಹಾಕಿಕೊಂಡೆ, ಕೂಸು ಮಂಜುಮಂಜಾಗಿ ಕಂಡಿತು. ಹಾಗೆ ಕಂಡರೇ ಒಳ್ಳೆಯದು ಅನ್ನಿಸಿತು.

ಕೆಲವು ದಿನ ಯಂತ್ರದ ಬಿಸಿಯಲ್ಲಿಟ್ಟ ಮೇಲೆ ಡಾಕ್ಟರು ಹೊಸ ವಿಷಯ ಹೇಳಿದರು. ಈಗ ಕೂಸಿಗೆ ಮನುಷ್ಯರ ಮೈಯ ಬಿಸಿ ಬೇಕು. ಬರಿ ಎದೆಯ ಮೇಲೆ ಮಲಗಿಸಿಕೊಂಡು ಬಟ್ಟೆಯಿಂದ ಕಟ್ಟಿಕೊಂಡು ಗಂಟೆಗಟ್ಟಲೆ ಕೂರಬೇಕು. ತಾಯಿಯಾದರೆ ಎಲ್ಲಕ್ಕಿಂತ ಉತ್ತಮ. ಆದರೆ ಮಗಳಿಗೆ ಹೊಲಿಗೆಯ ಜಾಗ ಕೀವಾಗಿ ಜ್ವರ ಏರಿತ್ತು. ನನ್ನ ಹೆಂಡತಿ ಬೆಳಗಿನ ಪಾಳಿ ಹಿಡಿದಳು, ಅಳಿಯ ಮಧ್ಯಾಹ್ನದ್ದು. ನನಗೆ ಡಬ್ಬಿ ಒಯ್ಯುವ ಕೆಲಸ ಕೊಟ್ಟಿದ್ದರು. ಮಣಿಕೊಂಡದಿಂದ ಹಿಮಾಯತ್‌ನಗರದವರೆಗೆ ಟ್ರಾಫಿಕ್ಕಿನಲ್ಲಿ ಸಾರು ಚೆಲ್ಲದ ಹಾಗೆ ಹಿಡಿದುಕೊಂಡು ಹೋಗುವುದನ್ನೇ ನಾನು ದೊಡ್ಡ ಸೇವೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಅಳಿಯನಿಗೆ ನೆಗಡಿ ಬಂತು. ಸೀನುವವರಿಗೆ ಒಳಗೆ ಪ್ರವೇಶವಿಲ್ಲ.

"ನೀವ ಕೂಡ್ರಬೇಕು," ಅಂದಳು ಹೆಂಡತಿ.

"ನಾನಾ? ನನಗೇನು ಗೊತ್ತಾಗತೈತಿ?"

"ಗೊತ್ತಾಗೂದು ಏನೈತ್ರಿ ಅದರಾಗ? ಸುಮ್ನ ಕೂಡ್ರೂದು. ನಿಮಗ ಅದೊಂದ ಬರೂದಿಲ್ಲ, ಕಲೀರಿ."

ನೋವಿನ ಮುಲಾಮು ಹಚ್ಚಬಾರದು, ಅತ್ತರು ಪೌಡರು ಇರಬಾರದು, ಉಗುರು ಕತ್ತರಿಸಿರಬೇಕು ಎಂದು ಆಸ್ಪತ್ರೆಯವರ ಕಟ್ಟಪ್ಪಣೆ. ಉಜ್ಜಿ ಉಜ್ಜಿ ಸ್ನಾನ ಮಾಡಿ ಹೋದೆ. ಅಂಗಿ ಬನಿಯನ್ನು ತೆಗೆಸಿ ಒರಗು ಕುರ್ಚಿಯಲ್ಲಿ ಕೂರಿಸಿದರು. ಪರಸ್ಥಳದಲ್ಲಿ, ಹೆಂಗಸರ ಮುಂದೆ, ಬಿಳಿ ರೋಮದ ಎದೆ ಬಿಟ್ಟುಕೊಂಡು ಕೂತವನ ಮಾನ ಎಷ್ಟು ಉಳಿಯಬಹುದೋ ಅಷ್ಟು ಉಳಿಯಿತು. ನರ್ಸು ಟೋಪಿ ಹಾಕಿದ ಆ ಕೂಸನ್ನು ತಂದು, ಕಪ್ಪೆಯ ಹಾಗೆ ಕೈಕಾಲು ಮಡಚಿ, ಸರಿಯಾಗಿ ಸ್ಟೆಂಟಿರುವ ಕಡೆಗೇ ಕಿವಿ ಬರುವಂತೆ ಮಲಗಿಸಿ ಬಟ್ಟೆ ಸುತ್ತಿದಳು. ಕಾಲಿಗೆ ಒಂದು ತಂತಿ ಕಟ್ಟಿ ಪಕ್ಕದ ಯಂತ್ರಕ್ಕೆ ಜೋಡಿಸಿದಳು. ತುಂಬ ಬೇಗ ಹುಟ್ಟಿದ ಕೂಸುಗಳು ನಡುನಡುವೆ ಉಸಿರಾಡುವುದನ್ನೇ ಮರೆತುಬಿಡುತ್ತವಂತೆ. ಯಂತ್ರ ಕೂಗಿದರೆ ಅಂಗಾಲಿಗೆ ಬೆರಳಿನಿಂದ ಮೆಲ್ಲಗೆ ತಟ್ಟಬೇಕು, ತಕ್ಷಣ ಅವರನ್ನು ಕರೆಯಬೇಕು. ಅಷ್ಟು ಹೇಳಿ ಅವಳು ತೆಲುಗಿನಲ್ಲಿ, "ತಾತಾ, ಪಾಪತೋ ಮಾಟ್ಲಾಡಂಡಿ, ಮೀ ಗೊಂತು ವಿನಾಲಿ," ಅಂದಳು. ಕೂಸಿನ ಜೊತೆ ಮಾತಾಡಿ, ನಿಮ್ಮ ದನಿ ಅದಕ್ಕೆ ಕೇಳಬೇಕು ಅಂತ.

ನನಗೆ ಯಾರೂ ಹೀಗೆ ತಾವಾಗಿ ಮಾತಾಡಿ ಅಂದಿದ್ದಿಲ್ಲ. ಮಾತಾಡಬೇಡಿ ಅಂದವರೇ ಎಲ್ಲ. ಆದರೆ ಕೂಸಿನ ಜೊತೆ ಏನು ಮಾತಾಡುವುದು? ಜೋಗುಳ ಬಾರದು. ದೇವರ ಪದ ಬಾರದು. ರಾಜಕೀಯ ಅದಕ್ಕೆ ಹಿಡಿಸಲಿಕ್ಕಿಲ್ಲ. ಪೂರ್ತಿ ಬಾಯಿಪಾಠ ಇರುವುದು ನನಗೆ ಒಂದೇ, ನನ್ನ ಸಿದ್ಧಾಂತ. ಸರಿ, ಅದನ್ನೇ ಶುರುಮಾಡಿದೆ. "ನೋಡವಾ ತಂಗಿ, ಈ ನಿಸರ್ಗ ಅನ್ನೂದು ಐತೆಲ್ಲ..."

ಜಿಂಕೆ ಬಂತು, ಜಿರಲೆ ಬಂತು. ಕೂಸು ಅಲುಗದೆ ಕೇಳುತ್ತಿತ್ತು. ಜನ್ಮದಲ್ಲಿ ನನಗೆ ಅಂಥ ಕೇಳುಗರು ಸಿಕ್ಕಿದ್ದಿಲ್ಲ. ಉಮೇದು ಬಂದು ಮುಂದುವರಿದೆ. ಗಟ್ಟಿ ಇದ್ದದ್ದು ಉಳಿತೈತಿ ಅಂದೆ. ಮುಂದಿನ ಸಾಲು ಸೊರಗಿದ್ದರದ್ದು. ಬಾಯಿಪಾಠದಲ್ಲಿ ಅದು ತಾನಾಗಿ ನಾಲಿಗೆಗೆ ಬಂದು ನಿಂತಿತು. ಅಷ್ಟರಲ್ಲಿ ನನ್ನ ಎದೆಯ ಮೇಲಿನ ಆ ಹಿಡಿಯಷ್ಟು ಬಿಸಿ ಒಂದು ಸಣ್ಣ ನಿಟ್ಟುಸಿರು ಬಿಟ್ಟಿತು. ನನಗೆ ಮುಂದೆ ಹೇಳಲಾಗಲಿಲ್ಲ. ನಾನು ಯಾರಿಗೆ ಏನು ಹೇಳುತ್ತಿದ್ದೇನೆ ಎಂಬುದು ಆಗ ತಲೆಗೆ ಹೋಯಿತು. ಕಿವಿ ಬಿಸಿಯಾದವು, ಯಾರಾದರೂ ಕೇಳಿಸಿಕೊಂಡರೇನೋ ಎಂದು ಅತ್ತಿತ್ತ ನೋಡಿದೆ.

ಆ ಮೇಲೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ವಾರದ ಯಾವ ದಿನ ಯಾವ ಪಲ್ಯ ಮಾಡುತ್ತಿದ್ದರು ಎಂಬುದನ್ನು ಹೇಳತೊಡಗಿದೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ಸೋಮವಾರದ ಆಲೂಗಡ್ಡೆ ಮುಗಿದು ಮಂಗಳವಾರದ ಗೋಂಗೂರ, ಅಂದರೆ ನಮ್ಮ ಪುಂಡಿಪಲ್ಯಕ್ಕೆ ಬಂದಿದ್ದೆ. ಆಗ ಯಂತ್ರ ಕೂಗಿತು.

ಆ ಹೊತ್ತಿನ ಬಗ್ಗೆ ಹಾಸ್ಯ ಮಾಡಲು ನನಗೆ ಈಗಲೂ ಬರುವುದಿಲ್ಲ. ಎದೆಯ ಮೇಲಿನ ಏರಿಳಿತ ನಿಂತಿತ್ತು. ಕೂಸು ನಿದ್ದೆ ಮಾಡಿದಂತೆಯೇ ಇತ್ತು, ಉಸಿರೊಂದು ಇರಲಿಲ್ಲ. ನರ್ಸು ಆಚೆ ಬದಿಯ ಕೂಸಿನ ಹತ್ತಿರ ಇದ್ದಳು. ನಾನು ಕರೆದೆನೋ ಇಲ್ಲವೋ ನೆನಪಿಲ್ಲ. ನನ್ನ ಬೆರಳು ಮಾತ್ರ ಆಗಲೇ ಬಟ್ಟೆಯೊಳಗೆ ಹೋಗಿ ಅಂಗಾಲನ್ನು ತಟ್ಟುತ್ತಿತ್ತು. ತಟ್ಟಿತು, ಉಜ್ಜಿತು, ಮತ್ತೆ ತಟ್ಟಿತು. ನರ್ಸು ಓಡಿ ಬರುವಷ್ಟರಲ್ಲಿ ಕೂಸು ಒಮ್ಮೆ ನಡುಗಿ, ಬೆಕ್ಕಿನ ಮರಿಯಂತೆ ಕುಂಯ್ ಅಂದು ಉಸಿರೆಳೆದುಕೊಂಡಿತು. ಅವಳು ಯಂತ್ರ ನೋಡಿ, ಕೂಸನ್ನು ನೋಡಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದಳು. ನಾನು ಅಳುತ್ತಿದ್ದೆ. ಕೈ ಖಾಲಿ ಇರಲಿಲ್ಲವಾದ್ದರಿಂದ ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ, ಹಾಗೇ ಕೂತು ಅತ್ತೆ.

ಆ ಮಧ್ಯಾಹ್ನವಿಡೀ ಒಂದೇ ವಿಚಾರ ತಲೆಯಲ್ಲಿ. ನಿಸರ್ಗದ ಮೊಟ್ಟಮೊದಲ ಪರೀಕ್ಷೆಯೇ ಉಸಿರಾಡುವುದು; ಈ ಹುಡುಗಿ ಅದರಲ್ಲೇ ಫೇಲಾಗಿದ್ದಳು. ನನ್ನ ಸಿದ್ಧಾಂತದ ಪ್ರಕಾರ ಅಲ್ಲಿಗೆ ಮಾತು ಮುಗಿಯಬೇಕು. ಆದರೆ ನನ್ನ ಬೆರಳು ಸಿದ್ಧಾಂತವನ್ನು ಕೇಳಲು ಹೋಗಲಿಲ್ಲ. ಅದಕ್ಕೆ ಅಷ್ಟು ಅವಸರ ಯಾರು ಕಲಿಸಿದರು? ನಾನಂತೂ ಅಲ್ಲ, ನಾನು ಕಲಿಸಿದ್ದೆಲ್ಲ ಕೆಂಪು ಬಣ್ಣ ಬಳಿಯುವುದನ್ನು. ನಿಸರ್ಗವೇ ಎಲ್ಲವನ್ನೂ ಆರಿಸುವುದು ನಿಜವಾದರೆ, ಈ ಬೆರಳನ್ನೂ ಅದೇ ಆರಿಸಿರಬೇಕಲ್ಲ. ಮನುಷ್ಯರ ಕೂಸುಗಳಲ್ಲಿ ಹುಟ್ಟಿದ ದಿನವೇ ಎದ್ದು ಓಡುವಂಥದ್ದು ಒಂದೂ ಇಲ್ಲ. ಯಾರೋ ಎತ್ತಿಕೊಂಡದ್ದರಿಂದ ಉಳಿದವರೇ ಎಲ್ಲ. ಎತ್ತಿಕೊಳ್ಳಲು ಬಾರದವರ ಕುಲ ಯಾವತ್ತೋ ಅಳಿಸಿಹೋಗಿರಬೇಕು. ಹಾಗಿದ್ದರೆ ಕರುಣೆ ನಿಸರ್ಗದ ದಾರಿಗೆ ಅಡ್ಡ ಕಟ್ಟಿದ ಗೋಡೆ ಹೇಗಾಗುತ್ತದೆ? ಅದೂ ಅದೇ ಕಾರ್ಖಾನೆಯ ಮಾಲು.

ಇದನ್ನು ಯೋಚಿಸಿ ಬಹಳ ಸಂತೋಷವಾಯಿತು. ಕೂಡಲೇ ಸಂಶಯವೂ ಬಂತು. ನಮಗೆ ಬೇಕಾದ ಉತ್ತರ ಇಷ್ಟು ಸಲೀಸಾಗಿ ಸಿಕ್ಕರೆ ಅಳತೆಗೋಲು ಸರಿಯಿದೆಯೇ ಎಂದು ನೋಡಬೇಕು ಎನ್ನುವುದು ನಮ್ಮ ವಿಭಾಗದ ಬುದ್ಧಿ. ಎತ್ತಿಕೊಳ್ಳುವ ಬೆರಳು ನಿಸರ್ಗದ್ದಾದರೆ, ಗಾಜಿನಾಚೆ ನಿಂತು ತೂಕ ಹಾಕಿದ ಕಣ್ಣೂ ಅದರದ್ದೇ. ಎರಡನ್ನೂ ಒಬ್ಬನ ಮೈಯಲ್ಲೇ ಇಟ್ಟು ಅದು ಕೈತೊಳೆದುಕೊಂಡಿದೆ. ಯಾವುದರದು ಮೇಲುಗೈ ಅಂತ ನಾನು ಈವರೆಗೂ ತೀರ್ಮಾನ ಮಾಡಿಲ್ಲ. ಆವತ್ತು ಬೆರಳು ಮೊದಲು ಹೋಯಿತು, ಅಷ್ಟು ಮಾತ್ರ ಬಲ್ಲೆ.

ಮಗಳ ಜ್ವರ ಇಳಿಯಿತು, ಕೂಸು ತಾಯಿಯ ಎದೆಗೆ ಹೋಯಿತು. ನನ್ನ ಪಾಳಿ ತಪ್ಪಿತು ಎಂದು ನನಗೆ ಹೊಟ್ಟೆಕಿಚ್ಚೇ ಆಯಿತು. ಉಸಿರು ಮರೆಯುವುದು ನಿಂತು, ತೂಕ ಏರಿ, ಮನೆಗೆ ಕಳಿಸಿದರು. ಹೊರಗೆ ಕರೆದುಕೊಂಡು ಹೋಗಬಹುದು ಎಂದು ಡಾಕ್ಟರು ಹೇಳಿದ ಮೇಲೆ ಒಂದು ದಿನ ಹೆಂಡತಿ ಬೇಗಂ ಬಜಾರಿನಿಂದ ಬಿದಿರಿನ ಮೊರ ತಂದಳು. ಯಾಕೆಂದು ಕೇಳಬೇಕಾಗಿರಲಿಲ್ಲ.

"ಒಂದು ಹೋತು, ಇದು ಹೋಗಿ ಬಂದೈತಿ," ಅಂದಳು. "ನಿಮಗ ಮಾಡಿದ್ದು ಈಕಿಗೂ ಮಾಡೂಣು. ನೀವು ನಗೂದಿದ್ರ ಆಮ್ಯಾಲ ನಗ್ರಿ."

ನಾನು ನಗಲಿಲ್ಲ. ಇಂಜಿನಿಯರಿಂಗ್ ಓದಿದ ಮಗಳೂ ಬೇಡವೆನ್ನಲಿಲ್ಲ. ಮೊರದಲ್ಲಿ ಕುದಿಸಿ ಒಣಗಿಸಿದ ಬಟ್ಟೆ ಹಾಸಬೇಕು, ಯಾರೂ ಮುಟ್ಟುವ ಮೊದಲು ಕೈತೊಳೆಯಬೇಕು ಎಂದಷ್ಟೇ ಕರಾರು ಹಾಕಿದಳು. ತಿಪ್ಪೆಯದ್ದೇ ಸಮಸ್ಯೆ. ಮಣಿಕೊಂಡದಲ್ಲಿ ತಿಪ್ಪೆ ಎಲ್ಲಿಂದ ತರುವುದು? ಅಪಾರ್ಟ್‌ಮೆಂಟಿನ ಹಿಂದೆ, ಜನರೇಟರಿನ ಪಕ್ಕ, ಹಸಿ ಕಸ ಗೊಬ್ಬರವಾಗುವ ದೊಡ್ಡ ಡ್ರಮ್ಮುಗಳಿವೆ. ಅದೇ ಆದೀತು ಎಂದು ಹೆಂಡತಿ ನಿಶ್ಚಯಿಸಿದಳು. ಆ ಡ್ರಮ್ಮುಗಳನ್ನು ನೋಡಿಕೊಳ್ಳುವ ಹೆಂಗಸು ತೆಲುಗು ಸೀಮೆಯ ಪಾಲಮೂರು ಕಡೆಯವಳು. ಕೂಸನ್ನು ಎತ್ತಿಕೊಳ್ಳುತ್ತೀಯಾ ಎಂದು ಕೇಳಲು ಹೋದಾಗ ಅವಳಿಗೆ ಏನನ್ನೂ ವಿವರಿಸಬೇಕಾಗಲಿಲ್ಲ. "ಮಾ ದಿಕ್ಕು ಗೂಡ ಗಿಟ್ಲನೇ ಜೇಸ್ತರಮ್ಮಾ," ಅಂದಳು. ನಮ್ಮ ಕಡೆಯೂ ಹೀಗೇ ಮಾಡುತ್ತಾರೆ ಅಂತ. ಅವರಲ್ಲೂ ತಿಪ್ಪೆಯ ಹೆಸರಿಟ್ಟುಕೊಂಡವರು ಬೇಕಾದಷ್ಟು ಜನರಿದ್ದಾರಂತೆ. ನನ್ನ ಹೆಸರು ಮಾತ್ರ ಆಗಲೂ ನಾನು ಬಾಯಿಬಿಡಲಿಲ್ಲ.

ಬೆಳಿಗ್ಗೆ ಬಿಸಿಲು ಏರುವ ಮೊದಲು ಇಳಿದೆವು. ಮುಚ್ಚಳ ಹಾಕಿದ ಡ್ರಮ್ಮಿನ ಮೇಲೆ ಮೊರ, ಮೊರದಲ್ಲಿ ಕೂಸು. ಅಳಿಯ ಮೂಗಿಗೆ ಮಾಸ್ಕು ಕಟ್ಟಿಕೊಂಡು, ಮೊರ ಜಾರದಂತೆ ಎರಡೂ ಕೈಯಿಂದ ಹಿಡಿದು ನಿಂತಿದ್ದ. ಹೆಂಡತಿಯ ಕೈಯಲ್ಲಿ ತೌಡಿನ ಚೀಲ. ಆ ಹೆಂಗಸು ಕೈತೊಳೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದು, ಶಾಸ್ತ್ರದ ಪ್ರಕಾರ ನನ್ನನ್ನು ಕೇಳಿದಳು. "ಪಾಪ ಮೀಕು ಕಾವಾಲ್ನಾ, ವದ್ದಾ?" ಬೇಕೋ, ಬೇಡವೋ.

ನಾನು ಹೇಳಬೇಕಾದದ್ದು ಒಂದೇ ಮಾತು. ಅದನ್ನು ಜೀವಮಾನವಿಡೀ ಹೇಳಿದ್ದೇನೆ. ಕಬ್ಬಿಣಕ್ಕೆ, ಬದನೆಕಾಯಿಗೆ, ರೊಟ್ಟಿಗೆ, ಬಂದ ಗಂಡುಗಳಿಗೆ, ಪರರ ಬಡ ಮಕ್ಕಳ ಬಗ್ಗೆ ಬೆಂಚಿನ ಮೇಲೆ ಕೂತು ಕೂಡ ಹೇಳಿದ್ದೇನೆ. ಬಾಯಿ ತೆರೆದೆ. ಕೂಸು ಮೊರದೊಳಗಿಂದ ನನ್ನ ಕಡೆಗೇ ನೋಡುತ್ತಿತ್ತು. ಪುಂಡಿಪಲ್ಯದ ದನಿಯ ಗುರುತು ಹಿಡಿಯಲು ಕಾದಂತೆ ಇತ್ತು.

"ಅನ್ರಿ," ಅಂದಳು ಹೆಂಡತಿ.

ಆ ಹೆಂಗಸು ಮತ್ತೆ ಕೇಳಿದಳು. "ಕಾವಾಲ್ನಾ, ವದ್ದಾ, ಸಾರೂ?"

"ಬೇಕು," ಅಂದೆ. "ನಮಗ ಬೇಕವಾ ಅದು. ಭಾಳ ಬೇಕು."

ಅಳಿಯ ಮಾಸ್ಕಿನೊಳಗೆ ನಕ್ಕನೋ ಅತ್ತನೋ ತಿಳಿಯಲಿಲ್ಲ. ಆ ಹೆಂಗಸು ಪಾಪ, ಬೇಕು ಅಂದ ಕೂಸನ್ನು ಎತ್ತಿಕೊಳ್ಳುವುದೋ ಬಿಡುವುದೋ ತಿಳಿಯದೆ ನನ್ನ ಹೆಂಡತಿಯ ಮುಖ ನೋಡಿದಳು. ಹೆಂಡತಿ ತಾನೇ ಮೊರ ಎತ್ತಿ ಅವಳ ಕೈಗಿಟ್ಟು, ತೌಡು ಕೊಟ್ಟು, ಕೂಸನ್ನು ತೆಗೆದುಕೊಂಡು ಶಾಸ್ತ್ರ ಮುಗಿಸಿದಳು. ಲಿಫ್ಟಿನಲ್ಲಿ ನನ್ನ ಕಡೆ ತಿರುಗಿ, "ಎಲ್ಲಾ ಕೆಡಿಸಿಟ್ರಿ. ಎರಡಕ್ಷರ ಅನ್ನೂದು ಆಗಲಿಲ್ಲ ನಿಮಗ. ಊರೆಲ್ಲಾ ಕೇಳೂಹಂಗ ಬೇಕು ಬೇಕು ಅಂದ್ರಿ," ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಸಿಟ್ಟಿನದೋ ಹೆದರಿಕೆಯದೋ ಕೇಳುವ ಧೈರ್ಯ ನನಗಾಗಲಿಲ್ಲ.

ಆವತ್ತು ನನಗೆ ಊಟ ಸೇರಲಿಲ್ಲ. ನಮ್ಮಪ್ಪ ಹೇಳಿ ಉಪವಾಸ ಬಿದ್ದ, ನಾನು ಹೇಳದೆ ಉಪವಾಸ ಬಿದ್ದೆ. ಎಷ್ಟು ಗಟ್ಟಿಗನಿರಬೇಕು ಆ ಮನುಷ್ಯ. ಎರಡು ಕೂಸು ಮಣ್ಣು ಮಾಡಿ ಬಂದು, ಮೂರನೆಯದನ್ನು ಊರ ಮುಂದೆ ಬೇಡ ಅಂದ, ಅದು ಉಳಿಯಲಿ ಅಂತ. ಅವನನ್ನು ನೋಡಿ ನಕ್ಕವನು ನಾನು.

ನಗೆಯ ಮಾತೆಂದರೆ, ಯಾವುದನ್ನೂ ನಂಬದ ನನಗೆ ಅಲ್ಲಿಂದ ಮುಂದೆ ಹೆದರಿಕೆ ಶುರುವಾಯಿತು. ಕೂಸು ಕೆಮ್ಮಿದರೆ ಓಡಿಹೋಗಿ ಅದರ ಎದೆಯ ಏರಿಳಿತ ನೋಡುತ್ತಿದ್ದೆ. ನಾನೇ ಬಾಯಾರೆ ಸಾವಿಗೆ ಗುಟ್ಟು ಬಿಟ್ಟುಕೊಟ್ಟೆನಲ್ಲ. ಮೈಮೇಲೆ ಒಣ ಎಲೆಯ ಬಣ್ಣ ಹಚ್ಚಿಕೊಂಡು ಹಕ್ಕಿಯ ಕಣ್ಣು ತಪ್ಪಿಸುವ ಹುಳುಗಳ ಬಗ್ಗೆ ಬೆಂಚಿನ ಮೇಲೆ ಎಷ್ಟೋ ಸಲ ಹೊಗಳಿ ಹೇಳಿದ್ದೇನೆ, ನಿಸರ್ಗದ ಜಾಣತನ ನೋಡಿ ಅಂತ. ನಮ್ಮ ಹಿರಿಯರು ಕೂಸಿಗೆ ಕಸದ ಬಣ್ಣ ಹಚ್ಚಿದರೆ ಅದು ಮಾತ್ರ ಮೂಢತನ. ಮರುದಿನ ವಾಕಿಂಗ್ ಮುಗಿಸಿ, ಯಾರೂ ಇಲ್ಲದ್ದು ನೋಡಿ, ಜನರೇಟರಿನ ಹಿಂದೆ ಹೋದೆ. ಡ್ರಮ್ಮಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, "ಬ್ಯಾಡ. ಆ ಕೂಸು ನಮಗ ಬ್ಯಾಡ," ಅಂದೆ. ಕೂಸು ಎದುರಿಗಿಲ್ಲದಿದ್ದರೆ ಹೇಳಬಹುದಾಗಿತ್ತು. ಒಮ್ಮೆ ಹೇಳಿದ್ದು ಸಾಕೋ ಇಲ್ಲವೋ ಎಂದು ಅದರ ಮರುದಿನವೂ ಹೋದೆ. ಹಾಗೆ ಅದು ರೂಢಿಯಾಯಿತು. ಕಾರ್ಖಾನೆಯಲ್ಲಿ ಸುಳ್ಳು ಸಹಿ ಒಂದನ್ನೂ ಹಾಕದ ತಪಾಸಣೆ ಅಧಿಕಾರಿ ಬೆಳಗಾದರೆ ಕಸದ ಡ್ರಮ್ಮಿಗೆ ಸುಳ್ಳು ಹೇಳಿ ಬರತೊಡಗಿದ.

ಗೆಳೆಯ ಒಂದು ದಿನ ಹಿಂದೆಯೇ ಬಂದು ನೋಡಿಬಿಟ್ಟ. ಹೇಳದೆ ಗತ್ಯಂತರವಿರಲಿಲ್ಲ, ನನ್ನ ಹೆಸರಿನ ಸಮೇತ ಎಲ್ಲ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ. "ಬರಾಬರ್ ಹೈ," ಅಂದ. ಸರಿಯಾಗಿಯೇ ಇದೆ ಅಂತ. ಆಮೇಲೆ ಡ್ರಮ್ಮನ್ನು ನೋಡಿ, ಇದೇ ನೋಡು ನಿನ್ನ ಮೂರನೇ ಟ್ರೇ ಅಂದು ಚಹಾಕ್ಕೆ ಕರೆದುಕೊಂಡು ಹೋದ. ಆವತ್ತಿನಿಂದ ನಾನು ಡ್ರಮ್ಮುಗಳ ಕಡೆ ಹೋದಾಗ ಅವನು ಜನರೇಟರಿನ ಹತ್ತಿರ ಕಾವಲು ನಿಲ್ಲುತ್ತಾನೆ.

ಈಗ ಮೊಮ್ಮಗಳಿಗೆ ಮಾತು ಬಂದಿದೆ. ಎಲ್ಲಕ್ಕಿಂತ ಮೊದಲು ಕಲಿತದ್ದು ಬ್ಯಾಡ. ಹಾಲು ಬ್ಯಾಡ, ಸ್ನಾನ ಬ್ಯಾಡ, ಟೋಪಿ ಬ್ಯಾಡ. ನಮ್ಮ ವಿಭಾಗದಲ್ಲೂ ಇಷ್ಟು ಬಿಗಿ ತಪಾಸಣೆ ನಡೆದಿರಲಿಲ್ಲ. ಮೊನ್ನೆ ನನ್ನ ಎದೆ ಮತ್ತೆ ಹಿಡಿದುಕೊಂಡಿತು. ಡಾಕ್ಟರು ಒಳಗೆ ನೋಡಬೇಕು, ಬಹುಶಃ ಇನ್ನೊಂದು ಸ್ಟೆಂಟು ಬೇಕಾಗಬಹುದು ಎಂದು ಬರಲು ಹೇಳಿದರು. ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು, ಧೈರ್ಯಕ್ಕೆಂದು ಅವಳನ್ನು ಎತ್ತಿಕೊಳ್ಳಲು ಕೈಚಾಚಿದೆ. ಅವಳು ಆಟದ ಡಬ್ಬಿಯ ಮುಚ್ಚಳ ತೆಗೆಯುವುದರಲ್ಲಿ ಮುಳುಗಿದ್ದಳು. ತಲೆ ಎತ್ತಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಸ್ಪಷ್ಟವಾಗಿ, "ಅಜ್ಜ ಬ್ಯಾಡ," ಅಂದಳು.

ನನ್ನ ಮುಖ ಸಣ್ಣದಾಗಿರಬೇಕು. ಅಳಿಯ ಅವಳನ್ನು ಗದರಿಸಲು ಹೋದ. ಹೆಂಡತಿ ಅವನನ್ನು ತಡೆದು, ನನ್ನ ಔಷಧಿಯ ಚೀಲವನ್ನು ಹೆಗಲಿಗೆ ಹಾಕಿಕೊಳ್ಳುತ್ತ ಅಂದಳು, "ಬಿಡ್ರಿ, ಅನ್ಲಿ. ಎಲ್ಲಾರಿಗೂ ಕೇಳೂಹಂಗ ಅಂದಾಳ. ನಿಮಗ ಇನ್ನ ಏನೂ ಆಗೂದಿಲ್ಲ, ನಡೀರಿ."

ಹೊಸ್ತಿಲು ದಾಟಿ ನಾವಿಬ್ಬರೂ ಲಿಫ್ಟಿಗೆ ಕಾಯುತ್ತ ನಿಂತೆವು. ಒಳಗಿನಿಂದ ಅವಳು ಇನ್ನೂ ಹೇಳುತ್ತಲೇ ಇದ್ದಳು.